ತೊಟ್ಟಿಲ ಕೌದಿ

ಉಣ್ಣೆಯ ಹೆಣಿಗೆ ನಮ್ಮ ರಾಯಚೂರಿನ ಬಿಸಿಲಿಗೆ ಒಗ್ಗಿದ ವಿದ್ಯೆಯಲ್ಲ. ಕೃಷ್ಣೆಯ ಕಡೆಯ ದೇವದುರ್ಗದಲ್ಲೂ ತುಂಗಭದ್ರೆಯ ಕಡೆಯ ಮಾನ್ವಿಯಲ್ಲೂ ಕೂಸಿನ ಉಡುಗೊರೆಯೆಂದರೆ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಸಾಲುಹೊಲಿಗೆ ಹಾಕಿದ ಕೌದಿ. ಹೊಸ ಬಟ್ಟೆಯ ಗಂಜಿ ಎಳೆಮೈಗೆ ಚುಚ್ಚುತ್ತದೆ. ನೂರು ಸಲ ಒಗೆದ ಹತ್ತಿ ಚುಚ್ಚದು, ಬೆವರನ್ನೂ ಹೀರುತ್ತದೆ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿದದ್ದು, 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು, ಇವನ್ನೆಲ್ಲ ತರಗತಿಯಲ್ಲಿ ಎಷ್ಟೋ ವರ್ಷ ಬರೆಯಿಸಿದೆ. ಕೌದಿಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ನಮ್ಮವ್ವ ಹೊಲಿದ ಕೌದಿಯಲ್ಲಿ ಅಜ್ಜಿಯ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡೊಂದಿತ್ತು. ಅಂಗಡಿಯ ಪಾಲಿಯೆಸ್ಟರ್ ಹೊದಿಕೆ ಬಂದ ಮೇಲೆ ಅದನ್ನು ಟ್ರಂಕಿನಲ್ಲಿಟ್ಟು ಮರೆತೆವು. ಮೊನ್ನೆ ಮೊಮ್ಮಗಳಿಗೆಂದು ತೆಗೆದರೆ ಮಡಿಕೆಗಳೆಲ್ಲ ಕೈಯಲ್ಲೇ ಹರಿದವು. ಕೆಂಪು ತುಂಡು ಮಾತ್ರ ಉಳಿಯಿತು. ಮಗಳು ಅದನ್ನು ಹೊಸ ಕೌದಿಯ ನಡುವೆ ಕೂಡಿಸುತ್ತಿದ್ದಾಳೆ. ಸೂಜಿಗೆ ದಾರ ಪೋಣಿಸಿಕೊಡುವುದು ನನ್ನ ಕೆಲಸ.