ಹಿರಿಯ ಗಾಯಕರು ಮತ್ತು ಉತ್ಸವದ ವೇದಿಕೆ: ಶಿವಮೊಗ್ಗ ಸೀಮೆಯ ಸುಗಮ ಸಂಗೀತ

ಸುಗಮ ಸಂಗೀತದ ಹಿರಿಯ ಗಾಯಕರೊಬ್ಬರನ್ನು ದಸರಾಕ್ಕೋ ರಾಜ್ಯೋತ್ಸವಕ್ಕೋ ಕರೆಯುವ ಮಾತು ಬಂದಾಗ ಕೇಳುಗರು ಎರಡು ಪಕ್ಷವಾಗುವುದು ಹಳೆಯ ರೂಢಿ. ಒಂದು ಪಕ್ಷಕ್ಕೆ ಅವರನ್ನು ಇನ್ನೊಮ್ಮೆ ಎದುರಿಗೆ ಕೂತು ಕೇಳುವ ಆಸೆ. ಇನ್ನೊಂದು ಪಕ್ಷಕ್ಕೆ ಕ್ಯಾಸೆಟ್ಟಿನಲ್ಲಿ ಉಳಿದಿರುವ ದನಿಯೇ ಸಾಕು, ತಾರಸ್ಥಾಯಿಯಲ್ಲಿ ಏದುಸಿರು ಬಿಡುವುದನ್ನು ಊರೆಲ್ಲ ನೋಡಬೇಕಾಗಿಲ್ಲ. ಈ ತಕರಾರು ವಯಸ್ಸಿನ ಬಗ್ಗೆ ಎಂದು ತೋರಿದರೂ ಅದರ ಬೇರು ಹಾಡುವ ಜಾಗದಲ್ಲಿದೆ. ಶಿವಮೊಗ್ಗ ಮತ್ತು ಭದ್ರಾವತಿಯ ಸುಗಮ ಸಂಗೀತದ ಚರಿತ್ರೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಕವಿತೆಯನ್ನು ರಾಗಕ್ಕೆ ಹಾಕಿ ಜನರ ಮುಂದೆ ಹಾಡುವ ಪದ್ಧತಿಯನ್ನು ನಾಡಿನಲ್ಲೆಲ್ಲ ಹಬ್ಬಿಸಿದವರು ಪಿ. ಕಾಳಿಂಗರಾವ್ (1914–1981). ಮೋಹನಕುಮಾರಿ ಮತ್ತು ಸೋಹನಕುಮಾರಿ ಅವರೊಡನೆ ಊರೂರು ತಿರುಗಿ ಹಾಡಿದ ಅವರಿಗೆ ಸಭೆಯೇ ಕ್ಷೇತ್ರವಾಗಿತ್ತು. ಅವರ ನಂತರದ ತಲೆಮಾರಿಗೆ ರೇಡಿಯೋ ಆಸರೆಯಾಯಿತು. ಭದ್ರಾವತಿಯಲ್ಲಿ 1965ರಲ್ಲಿ ಆಕಾಶವಾಣಿ ಕೇಂದ್ರ ಶುರುವಾದ ಮೇಲೆ ಭಾವಗೀತೆ ಮಲೆನಾಡಿನ ಮನೆಗಳ ಒಳಕೋಣೆಗೆ ಬಂತು. ಸ್ಟುಡಿಯೋದ ಮೈಕಿನ ಮುಂದೆ ಗಾಯಕ ಗಂಟಲು ಹರಿಯುವಂತೆ ಕೂಗಬೇಕಿರಲಿಲ್ಲ. ತಬಲಾ, ಹಾರ್ಮೋನಿಯಂ, ಒಂದು ಕೊಳಲು ಅಥವಾ ಪಿಟೀಲು ಇದ್ದರೆ ಕೆಲಸ ಸಾಗುತ್ತಿತ್ತು. ಕವಿತೆಯ ಮಾತು ಕೇಳಿಸಬೇಕು ಎಂಬ ನಿಯಮ ಗಟ್ಟಿಯಾದದ್ದು ಈ ಕಾಲದಲ್ಲಿ.

ಭದ್ರಾವತಿಗೆ ಇನ್ನೊಂದು ಮುಖವೂ ಇತ್ತು. ಹಿಂದೆ ಬೆಂಕಿಪುರ ಎನ್ನಿಸಿಕೊಂಡಿದ್ದ ಈ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು; 1930ರ ದಶಕದಲ್ಲಿ ಕಾಗದ ಕಾರ್ಖಾನೆ ಬಂತು. ನ್ಯೂಟೌನ್, ಪೇಪರ್ ಟೌನ್‌ಗಳಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವ ಕಾರ್ಮಿಕ ಸಂಸಾರಗಳು ನೆಲೆಸಿದವು. ಗಣೇಶನ ಪೆಂಡಾಲಿನ ರಸಮಂಜರಿ ಇಂಥ ಊರಿಗೆ ಹೇಳಿ ಮಾಡಿಸಿದ ರಂಜನೆ. ಆರ್ಕೆಸ್ಟ್ರಾದವರು ಸಿನಿಮಾ ಹಾಡು ಹಾಡುತ್ತಾರೆ, ಜನ ಒನ್ಸ್ ಮೋರ್ ಎನ್ನುತ್ತಾರೆ. ಅಲ್ಲಿ ಮೂಲ ಗಾಯಕ ಬರುವುದೇ ಇಲ್ಲವಾದ್ದರಿಂದ ಅವನಿಗೆ ವಯಸ್ಸಾಯಿತೇ ಎಂಬ ಪ್ರಶ್ನೆಯೂ ಏಳುವುದಿಲ್ಲ. ರೇಡಿಯೋದ ಮೆಲುದನಿ ಮತ್ತು ಪೆಂಡಾಲಿನ ಅಬ್ಬರ ಒಂದೇ ಊರಿನಲ್ಲಿ ಜೊತೆಜೊತೆಗೆ ಬೆಳೆದವು. ಭಾವಗೀತೆ ಮುಂದೆ ಎದುರಿಸಿದ ಇಕ್ಕಟ್ಟೂ ಈ ಎರಡರ ನಡುವಿನದೇ.

ಶಿವಮೊಗ್ಗದ ಹೆಸರನ್ನು ತಮ್ಮ ಹೆಸರಿಗೇ ಅಂಟಿಸಿಕೊಂಡವರು ಜಿ. ಸುಬ್ರಹ್ಮಣ್ಯ, ಅಂದರೆ ಶಿವಮೊಗ್ಗ ಸುಬ್ಬಣ್ಣ. ಹೊಸನಗರ ತಾಲೂಕಿನ ನಗರದಲ್ಲಿ 1938ರಲ್ಲಿ ಹುಟ್ಟಿದ ಅವರಿಗೆ ಸಂಗೀತದ ಮೊದಲ ಪಾಠ ಮನೆಯಲ್ಲೇ ಆಯಿತು. ಓದಿದ್ದು ಕಾನೂನು, ಮಾಡಿದ್ದು ವಕೀಲಿ. ಹಾಡು ಆಕಾಶವಾಣಿ ಮತ್ತು ಸಭೆಗಳ ಮೂಲಕ ಹಬ್ಬಿತು. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರಕ್ಕೆ ಹಾಡಿದ ಶೀರ್ಷಿಕೆ ಗೀತೆ ಅವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ತಂದಿತು. ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರೇ. ಆ ಹಾಡು ಜಾನಪದದ ಓಟದ್ದು, ಏರುದನಿಯದ್ದು. ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೂ ಯಾವ ವೇದಿಕೆಗೆ ಹೋದರೂ ಜನ ಕೇಳುತ್ತಿದ್ದುದು ಅದನ್ನೇ. ಹರೆಯದ ಉಸಿರಿಗೆ ಹೊಂದಿದ ಹಾಡನ್ನು ಎಪ್ಪತ್ತರ ಗಾಯಕನಿಂದ ಬಯಸುವುದು ಅಭಿಮಾನದ ಒಂದು ಕ್ರೌರ್ಯ. ಶ್ರುತಿ ಇಳಿಸಿ ಹಾಡಿದರೆ ಮೊದಲಿನ ಗತ್ತಿಲ್ಲ ಎನ್ನುವವರು, ಇಳಿಸದೆ ಹಾಡಿ ದನಿ ಒಡೆದರೆ ಈ ವಯಸ್ಸಿಗೆ ಬೇಕಿತ್ತೇ ಎನ್ನುವವರು ಬಹುಮಟ್ಟಿಗೆ ಒಬ್ಬರೇ.

ಅಭಿಮಾನಿಗಳಿಗೆ ಇಂಥ ಅಳತೆಗೋಲು ಕೊಟ್ಟದ್ದು ಧ್ವನಿಮುದ್ರಣ. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟು ‘ನಿತ್ಯೋತ್ಸವ’ 1978ರಲ್ಲಿ ಬಂತು. ಕವಿತೆಗಳು ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಕೆ.ಎಸ್. ನಿಸಾರ್ ಅಹಮದ್ ಅವರವು. ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿ (1936–1995) ಅವರದು. 1980ರ ದಶಕದಲ್ಲಿ ‘ಮೈಸೂರು ಮಲ್ಲಿಗೆ’, ಶಿಶುನಾಳ ಷರೀಫರ ಗೀತೆಗಳು ಮನೆಮನೆಯ ಟೇಪ್ ರೆಕಾರ್ಡರಿಗೆ ಬಂದವು. ಕಾಳಿಂಗರಾಯರ ಸಭೆಯಲ್ಲಿ ಒಮ್ಮೆ ಕೇಳಿದ ಹಾಡು ನೆನಪಿನಲ್ಲಿ ಬದಲಾಗುತ್ತಿತ್ತು. ಕ್ಯಾಸೆಟ್ಟಿನ ಹಾಡು ನೂರು ಸಲ ಹಾಕಿದರೂ ಅದೇ ಉಸಿರು, ಅದೇ ತಿರುವು. ವೇದಿಕೆಯ ಮೇಲಿನ ಗಾಯಕ ತನ್ನದೇ ಹಳೆಯ ದನಿಯೊಡನೆ ಹೋಲಿಸಿಕೊಳ್ಳಬೇಕಾಗಿ ಬಂದದ್ದು ಆಮೇಲೆ.

ಮೈದಾನಕ್ಕೆ ಭಾವಗೀತೆಯನ್ನು ಪೂರ್ತಿಯಾಗಿ ತಂದವರು ಸಿ. ಅಶ್ವತ್ಥ್. 2005ರ ಏಪ್ರಿಲ್ 23ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ಕ್ಕೆ ಲಕ್ಷದಷ್ಟು ಜನ ಸೇರಿದ್ದರೆಂದು ವರದಿಯಾಯಿತು. ರಾಕ್ ತಂಡಗಳ ಕಛೇರಿ ನಡೆಯುವ ಜಾಗದಲ್ಲಿ, ಅರವತ್ತೈದರ ಗಾಯಕನೊಬ್ಬ ಬೇಂದ್ರೆ, ಕುವೆಂಪು, ಷರೀಫರನ್ನು ಹಾಡಿ ಅಷ್ಟು ಜನರನ್ನು ಹಿಡಿದು ಕೂರಿಸಿದ್ದು ಕನ್ನಡಕ್ಕೆ ಹೊಸದು. ವಾದ್ಯದ ಅಬ್ಬರದಲ್ಲಿ ಕವಿತೆ ಕಳೆದುಹೋಗುತ್ತದೆ ಎಂಬುದು ಇಂಥ ಕಾರ್ಯಕ್ರಮಗಳ ಬಗ್ಗೆ ಕಾವ್ಯಾಸಕ್ತರ ಆಕ್ಷೇಪ. ಅದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಒಳಕೋಣೆಯ ಭಾವಗೀತೆಯನ್ನು ಮೈದಾನಕ್ಕೆ ಒಯ್ಯುವಾಗ ಗಾತ್ರ ಹಿಗ್ಗಿಸದೆ ಬೇರೆ ದಾರಿಯಿಲ್ಲ, ಅಶ್ವತ್ಥರ ತುಂಬುಗಂಟಲಿಗೆ ಅದು ಒಗ್ಗಿತ್ತು. ಎಲ್ಲ ಹಿರಿಯರಿಗೂ ಒಗ್ಗುವುದಿಲ್ಲ. ಅಶ್ವತ್ಥ್ 2009ರ ಡಿಸೆಂಬರ್ 29ರಂದು, ತಮ್ಮ ಹುಟ್ಟುಹಬ್ಬದ ದಿನವೇ ತೀರಿಕೊಂಡರು.

ಗಾಯಕರು ಹೋದ ಮೇಲೂ ಅಭಿಮಾನಿಗಳ ಜಗಳ ನಿಲ್ಲಲಿಲ್ಲ. ಶಿವಮೊಗ್ಗ ಜಿಲ್ಲೆಯ ಕುಪ್ಪಳಿಯ ಕುವೆಂಪು ಬರೆದ ನಾಡಗೀತೆಯನ್ನು ಅನಂತಸ್ವಾಮಿ ಧಾಟಿಯಲ್ಲಿ ಹಾಡಬೇಕೋ ಅಶ್ವತ್ಥ್ ಧಾಟಿಯಲ್ಲಿ ಹಾಡಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಸರ್ಕಾರ 2022ರಲ್ಲಿ ಅನಂತಸ್ವಾಮಿ ಧಾಟಿಯನ್ನು ಎರಡೂವರೆ ನಿಮಿಷದ ಮಿತಿಯಲ್ಲಿ ಒಪ್ಪಿಕೊಂಡಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2024ರಲ್ಲಿ ವಜಾ ಮಾಡಿತು. ಭಾವಗೀತೆಯ ಕೇಳುಗರು ನಿರಾಸಕ್ತರು ಎಂದು ಯಾರೂ ಹೇಳುವಂತಿಲ್ಲ.

ಹಿರಿಯರು ನಿಲ್ಲಿಸಬೇಕಾದದ್ದು ಯಾವಾಗ ಎಂಬುದಕ್ಕೆ ಕರ್ನಾಟಕದಲ್ಲಿ ಎರಡು ಮಾದರಿಗಳಿವೆ. ಸುಬ್ಬಣ್ಣನವರು ಹುಟ್ಟಿದ ವರ್ಷವೇ ಹುಟ್ಟಿದ ಹಿನ್ನೆಲೆ ಗಾಯಕಿ ಎಸ್. ಜಾನಕಿ 2016ರಲ್ಲಿ ನಿವೃತ್ತಿ ಘೋಷಿಸಿ, 2017ರ ಅಕ್ಟೋಬರ್ 28ರಂದು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕೊನೆಯದೆಂದು ಸಾರಿ ವೇದಿಕೆ ಏರಿದರು. ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆ ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟುತ್ತಿದ್ದರು. ಅವರು ಅದೇ 2017ರ ಅಕ್ಟೋಬರಿನಲ್ಲಿ ತೀರಿಕೊಳ್ಳುವ ತನಕ ಅವರಿಗೆ ನಿವೃತ್ತಿ ಎಂಬುದಿರಲಿಲ್ಲ. ಯಕ್ಷಗಾನದ ಪ್ರೇಕ್ಷಕ ಮುದುಕನ ಮೈಯಲ್ಲಿ ತರುಣ ಪಾತ್ರವನ್ನು ಕಾಣಲು ಕಲಿತಿದ್ದಾನೆ. ಸುಗಮ ಸಂಗೀತದ ಕೇಳುಗ ಇನ್ನೂ ಕ್ಯಾಸೆಟ್ಟಿನ ದನಿಯನ್ನೇ ಹುಡುಕುತ್ತಾನೆ.

ಸುಬ್ಬಣ್ಣನವರು 2022ರ ಆಗಸ್ಟ್ 11ರಂದು ಬೆಂಗಳೂರಿನಲ್ಲಿ ನಿಧನರಾದರು. ಹಿರಿಯ ಗಾಯಕರು ಹಾಡಬೇಕೇ ಬೇಡವೇ ಎಂಬುದು ಅವರವರೇ ತೀರ್ಮಾನಿಸಬೇಕಾದ ಸಂಗತಿ. ಉತ್ಸವ ಸಮಿತಿಯ ಹೊಣೆ ಬೇರೆಯದು. ಅದು ಅವರನ್ನು ರಾತ್ರಿ ಹನ್ನೊಂದಕ್ಕೆ, ಸಿನಿಮಾ ಆರ್ಕೆಸ್ಟ್ರಾ ಮುಗಿದ ಮೇಲೆ, ಮೈದಾನದ ಸ್ಪೀಕರುಗಳ ಮುಂದೆ ನಿಲ್ಲಿಸಬಾರದು. ಸಂಜೆಯ ಹೊತ್ತು ಶಿವಮೊಗ್ಗದ ಕುವೆಂಪು ರಂಗಮಂದಿರದಂಥ ಸಭಾಂಗಣದಲ್ಲಿ, ಮೂರು ವಾದ್ಯಗಳ ಜೊತೆ, ಅವರಿಗೆ ಒಗ್ಗುವ ಶ್ರುತಿಯಲ್ಲಿ ಹಾಡಲು ಬಿಡಬೇಕು.