ಜಪಾನಿನ ಭೂಕಂಪಗಳು: ಸಿಲಬಸ್ಸಿನ ಹೊರಗಿನ ಪ್ರಶ್ನೆಗಳು

ಭೂಮಿ ಯಾಕೆ ನಡುಗುತ್ತೆ ಅಂತ ಕೇಳಿದರೆ ನಮ್ಮ ಅಜ್ಜಿಯಂದಿರು ಆದಿಶೇಷ ಹೆಡೆ ಅಲ್ಲಾಡಿಸಿದ ಅನ್ನುತ್ತಿದ್ದರು. ಜಪಾನಿನ ಅಜ್ಜಿಯಂದಿರ ಉತ್ತರ ಬೇರೆ. ನೆಲದಡಿ ನಮಾಝು ಎಂಬ ಭಾರೀ ಮೀಸೆಮೀನು ಮಲಗಿದೆಯಂತೆ. ಕಾಶಿಮಾ ದೇವರು ಅದರ ಮೇಲೆ ಬಂಡೆ ಹೇರಿ ಅದುಮಿ ಹಿಡಿದಿದ್ದಾನೆ. ಅವನು ಸ್ವಲ್ಪ ಮೈಮರೆತರೆ ಸಾಕು, ಮೀನು ಬಾಲ ಬಡಿಯುತ್ತೆ!

1855ರಲ್ಲಿ ಎಡೊ (ಇಂದಿನ ಟೋಕಿಯೊ) ನಡುಗಿ ಸಾವಿರಾರು ಜನ ಸತ್ತ ಮೇಲೆ ಈ ಮೀನಿನ ಚಿತ್ರಗಳು ಅಲ್ಲಿನ ಬೀದಿಗಳಲ್ಲಿ ಬಿಸಿ ದೋಸೆಯ ಹಾಗೆ ಖರ್ಚಾದವು. ಕೆಲವು ಚಿತ್ರಗಳಲ್ಲಿ ಜನ ಮೀನಿಗೆ ಸರಿಯಾಗಿ ತದುಕುತ್ತಿದ್ದಾರೆ. ಇನ್ನು ಕೆಲವದರಲ್ಲಿ ಬಡಗಿಗಳು, ಗಾರೆ ಕೆಲಸದವರು ಅದಕ್ಕೆ ಉಪಚಾರ ಮಾಡುತ್ತಿದ್ದಾರೆ. ಊರು ಬಿದ್ದರೆ ತಾನೇ ಅವರಿಗೆ ಕೆಲಸ :)

ಈಗ ನಮಗೆ ಕಾರಣ ಗೊತ್ತು. ಪೆಸಿಫಿಕ್ ಸಾಗರದ ತಳದ ಶಿಲಾಫಲಕ ವರ್ಷಕ್ಕೆ ಎಂಟು-ಒಂಬತ್ತು ಸೆಂಟಿಮೀಟರಿನಂತೆ ಜಪಾನಿನ ಕೆಳಗೆ ನುಗ್ಗುತ್ತಿದೆ. ದಕ್ಷಿಣದಿಂದ ಫಿಲಿಪೈನ್ ಸಮುದ್ರದ ಫಲಕವೂ ಅದೇ ಕೆಲಸ ಮಾಡುತ್ತಿದೆ. ನುಗ್ಗುವಾಗ ಸಿಕ್ಕಿಹಾಕಿಕೊಳ್ಳುತ್ತೆ, ಒತ್ತಡ ಕೂಡುತ್ತೆ, ಒಂದು ದಿನ ಜಾರುತ್ತೆ. ಅಷ್ಟೇ.

ಆದರೆ ಆ ದೇಶದ ಭೂಕಂಪಗಳ ಇತಿಹಾಸ ಓದುತ್ತಾ ಹೋದರೆ ನನಗೆ ನೆನಪಾಗುವುದು ಯೂನಿವರ್ಸಿಟಿ ಪರೀಕ್ಷೆ. ಪ್ರತಿ ಸಲವೂ ಜಪಾನ್ ಹಿಂದಿನ ಪ್ರಶ್ನೆಪತ್ರಿಕೆ ಚೆನ್ನಾಗಿ ಓದಿಕೊಂಡು ಹೋಗಿ ಕೂತಿದೆ. ಪ್ರತಿ ಸಲವೂ ಪ್ರಶ್ನೆ ಬಂದಿರುವುದು ಸಿಲಬಸ್ಸಿನ ಹೊರಗಿನಿಂದ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜಪಾನ್ ಯೂರೋಪನ್ನು ನೋಡಿ ಇಟ್ಟಿಗೆ ಕಟ್ಟಡ, ಕಬ್ಬಿಣದ ಸೇತುವೆ ಕಟ್ಟತೊಡಗಿತ್ತು. 1880ರಲ್ಲಿ ಯೊಕೊಹಾಮಾ ನಡುಗಿದಾಗ ಜಪಾನಿನಲ್ಲಿ ಪಾಠ ಮಾಡುತ್ತಿದ್ದ ಇಂಗ್ಲೆಂಡಿನ ಜಾನ್ ಮಿಲ್ನ್ ಮತ್ತವರ ಗೆಳೆಯರು ಜಗತ್ತಿನ ಮೊದಲ ಭೂಕಂಪಶಾಸ್ತ್ರ ಸಂಘ ಕಟ್ಟಿದರು. 1891ರ ಅಕ್ಟೋಬರ್ 28ರಂದು ನೊಬಿ ಬಯಲಿನಲ್ಲಿ ಸುಮಾರು 8 ತೀವ್ರತೆಯ ಭೂಕಂಪ. ಸತ್ತವರು ಏಳು ಸಾವಿರಕ್ಕೂ ಹೆಚ್ಚು. ಹೊಸ ಇಟ್ಟಿಗೆ ಕಟ್ಟಡಗಳು ಉದುರಿದವು, ನಾಗಾರಾ ನದಿಯ ಮೇಲಿನ ರೈಲು ಸೇತುವೆ ಕುಸಿಯಿತು. ಒಂದು ಕಡೆ ನೆಲವೇ ಸೀಳಿ ಆರು ಮೀಟರ್ ಮೇಲೆ ಕೆಳಗೆ ಆಗಿತ್ತು. ಅದನ್ನು ನೋಡಿದ ಬುಂಜಿರೊ ಕೊಟೊ ಎಂಬ ಭೂವಿಜ್ಞಾನಿ, ನೆಲದ ಬಿರುಕು ಭೂಕಂಪದ ಪರಿಣಾಮವಲ್ಲ, ಅದೇ ಕಾರಣ ಎಂದು ವಾದಿಸಿದರು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಮರುವರ್ಷವೇ ಸರ್ಕಾರ ಭೂಕಂಪ ತನಿಖಾ ಸಮಿತಿ ಮಾಡಿತು.

ಸರಿ, ಕಟ್ಟಡದ ಪಾಠ ಶುರುವಾಯಿತು. 1896ರಲ್ಲಿ ಪ್ರಶ್ನೆ ಸಮುದ್ರದಿಂದ ಬಂತು! ಸಾನ್ರಿಕು ಕರಾವಳಿಯಲ್ಲಿ ನೆಲ ನಿಧಾನವಾಗಿ, ಮೆಲ್ಲಗೆ ಅಲುಗಿತು. ಹೆದರುವಂಥದ್ದೇನಲ್ಲ ಅಂತ ಯಾರೂ ಓಡಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಸುನಾಮಿ. ಸುಮಾರು 22,000 ಜನ ಸತ್ತರು. ಆಳ ಸಮುದ್ರದಲ್ಲಿದ್ದ ಮೀನುಗಾರರಿಗೆ ಅಲೆ ಗೊತ್ತೇ ಆಗಿರಲಿಲ್ಲ, ಮರಳಿ ಬಂದಾಗ ಊರಿರಲಿಲ್ಲ.

ಈಗ ಇಬ್ಬರು ಪ್ರೊಫೆಸರುಗಳ ಕಥೆ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಫುಸಾಕಿಚಿ ಓಮೊರಿ ದೊಡ್ಡ ಹೆಸರು. ಭೂಕಂಪದ ನಂತರದ ಮರುಕಂಪನಗಳು ಯಾವ ಲೆಕ್ಕದಲ್ಲಿ ಕಡಿಮೆಯಾಗುತ್ತವೆ ಎಂದು ಅವರು 1894ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ. ಅವರ ಕೈಕೆಳಗೆ ಅಕಿತ್ಸುನೆ ಇಮಾಮುರಾ. ಈತ 1905ರಲ್ಲಿ ಒಂದು ಪತ್ರಿಕೆಯಲ್ಲಿ, ಮುಂದಿನ ಐವತ್ತು ವರ್ಷದೊಳಗೆ ಟೋಕಿಯೊಗೆ ದೊಡ್ಡ ಭೂಕಂಪ ಬರಬಹುದು, ಬೆಂಕಿ ಹತ್ತಿದರೆ ಲಕ್ಷಕ್ಕೂ ಹೆಚ್ಚು ಜನ ಸಾಯಬಹುದು, ನೀರಿನ ವ್ಯವಸ್ಥೆ ಸರಿಮಾಡಿ ಎಂದು ಬರೆದರು. ಸುದ್ದಿ ಹರಡಿ ಜನ ಗಾಬರಿಯಾದರು. ಇದಕ್ಕೆ ಆಧಾರವಿಲ್ಲ ಎಂದು ಓಮೊರಿ ಬಹಿರಂಗವಾಗಿ ಖಂಡಿಸಿದರು.

1923ರ ಸೆಪ್ಟೆಂಬರ್ 1, ಬೆಳಿಗ್ಗೆ 11:58. ಮನೆಮನೆಯಲ್ಲೂ ಮಧ್ಯಾಹ್ನದ ಅಡುಗೆಗೆ ಒಲೆ ಹೊತ್ತಿದ ಹೊತ್ತು. 7.9 ತೀವ್ರತೆಯ ಭೂಕಂಪ, ಜೋರು ಗಾಳಿ, ಮರದ ಮನೆಗಳು, ಒಡೆದ ನೀರಿನ ಕೊಳವೆಗಳು. ಸುಮಾರು 1,05,000 ಜನ ಸತ್ತರು, ಹೆಚ್ಚಿನವರು ಬೆಂಕಿಗೆ. ಹೊಂಜೊ ಎಂಬಲ್ಲಿ ಒಂದೇ ಬಯಲಿನಲ್ಲಿ ಆಶ್ರಯ ಪಡೆದಿದ್ದ ಸುಮಾರು 38,000 ಜನ ಸುಟ್ಟುಹೋದರು. ಅಷ್ಟು ಸಾಲದು ಎಂಬಂತೆ, ಕೊರಿಯನ್ನರು ಬೆಂಕಿ ಹಚ್ಚುತ್ತಿದ್ದಾರೆ, ಬಾವಿಗೆ ವಿಷ ಹಾಕುತ್ತಿದ್ದಾರೆ ಎಂಬ ಪುಕಾರು ಎದ್ದು ಸಾವಿರಾರು ಕೊರಿಯನ್ನರನ್ನು ಕೊಂದರು. ಅದಕ್ಕೆ ಭೂಮಿಯನ್ನು ದೂರುವಂತಿಲ್ಲ.

ಓಮೊರಿ ಆಗ ಆಸ್ಟ್ರೇಲಿಯಾದಲ್ಲಿದ್ದರು. ಸಿಡ್ನಿಯ ವೀಕ್ಷಣಾಲಯದಲ್ಲಿ ಭೂಕಂಪಮಾಪಕದ ಸೂಜಿ ತಮ್ಮ ಊರಿನ ನಾಶವನ್ನು ಬರೆಯುತ್ತಿದ್ದುದನ್ನು ಕಣ್ಣಾರೆ ಕಂಡರು. ಕಾಯಿಲೆಯಲ್ಲೇ ಜಪಾನಿಗೆ ಮರಳಿ, ಅದೇ ನವೆಂಬರಿನಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಬಂದವರು ಇಮಾಮುರಾ.

ಓಮೊರಿಯನ್ನು ಖಳನಾಯಕ ಮಾಡುವುದು ಸುಲಭ. ಆದರೆ ದಿನಾಂಕ ಹೇಳಲಾಗದ ವಿಜ್ಞಾನದಲ್ಲಿ ಜನರನ್ನು ಹೆದರಿಸಬಾರದು ಎಂಬ ಅವರ ಕಾಳಜಿ ಸುಳ್ಳಲ್ಲ. ತಪ್ಪಿದ್ದು ಎಲ್ಲಿ ಅಂದರೆ, ಜನರನ್ನು ಸಮಾಧಾನ ಮಾಡುವ ಭರದಲ್ಲಿ ನೀರಿನ ಕೊಳವೆಯ ಮಾತೂ ಮರೆತುಹೋಯಿತು.

1924ರಲ್ಲಿ ಕಟ್ಟಡದ ಕಾನೂನಿಗೆ ಹೊಸ ನಿಯಮ ಸೇರಿತು: ಕಟ್ಟಡ ತನ್ನ ತೂಕದ ಹತ್ತನೇ ಒಂದರಷ್ಟು ಬಲ ಪಕ್ಕದಿಂದ ತಳ್ಳಿದರೂ ತಡೆಯಬೇಕು. ಮುಂದೆ 1968ರ ಭೂಕಂಪದ ನಂತರ 1971ರಲ್ಲಿ, 1978ರ ಭೂಕಂಪದ ನಂತರ 1981ರಲ್ಲಿ ನಿಯಮಗಳು ಇನ್ನಷ್ಟು ಬಿಗಿಯಾದವು. 1981ರ ನಿಯಮದ ತಿರುಳು ಇಷ್ಟು: ದೊಡ್ಡ ಭೂಕಂಪದಲ್ಲಿ ಕಟ್ಟಡ ಹಾಳಾದರೂ ಪರವಾಗಿಲ್ಲ, ಒಳಗಿರುವವರ ಮೇಲೆ ಬೀಳಬಾರದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪ್ಯಾಚ್ ಮೇಲೆ ಪ್ಯಾಚ್!

ಪ್ಯಾಚ್ ಬಂದಿದ್ದೇನೋ ನಿಜ, ಹಳೇ ಮನೆಗಳಿಗೆ ಅದನ್ನು ಹಾಕುವವರು ಯಾರು? 1995ರ ಜನವರಿ 17, ಬೆಳಗಿನ ಜಾವ 5:46ಕ್ಕೆ ಕೋಬೆ ನಡುಗಿತು. 6,434 ಸಾವು. ಹೆಚ್ಚಿನವರು ಹಾಸಿಗೆಯಲ್ಲೇ, ಭಾರವಾದ ಹೆಂಚಿನ ಹಳೇ ಮರದ ಮನೆಗಳ ಅಡಿಯಲ್ಲಿ ಸಿಕ್ಕಿ ಸತ್ತರು. 1981ರ ನಂತರ ಕಟ್ಟಿದ ಕಟ್ಟಡಗಳು ಬಹುಮಟ್ಟಿಗೆ ನಿಂತವು.

2011ರ ಮಾರ್ಚ್ 11ರಂದು 9.0 ತೀವ್ರತೆಯ ಭೂಕಂಪಕ್ಕೆ ಟೋಕಿಯೊದ ಗಗನಚುಂಬಿಗಳು ತೂಗಾಡಿದವು, ಬೀಳಲಿಲ್ಲ. ಪರೀಕ್ಷೆ ಪಾಸು ಅನ್ನುವಷ್ಟರಲ್ಲಿ ಸುನಾಮಿ ಬಂತು. ಸತ್ತವರು, ಕಾಣೆಯಾದವರು ಸೇರಿ 18,000ಕ್ಕೂ ಹೆಚ್ಚು. ಆದರೆ ಈ ಸಲದ ಪ್ರಶ್ನೆ ಸಿಲಬಸ್ಸಿನ ಹೊರಗಿನದಲ್ಲ, ಗಮನಿಸಿ. ಕ್ರಿ.ಶ. 869ರಲ್ಲಿ ಅದೇ ಕರಾವಳಿಗೆ ಸಮುದ್ರ ನುಗ್ಗಿ ಸುಮಾರು ಸಾವಿರ ಜನ ಮುಳುಗಿದರು ಎಂದು ಅರಮನೆಯ ದಾಖಲೆಯಲ್ಲೇ ಇತ್ತು. ಆ ಅಲೆ ತಂದು ಸುರಿದ ಮರಳಿನ ಪದರವನ್ನು ವಿಜ್ಞಾನಿಗಳು ಸೆಂಡೈ ಬಯಲಿನ ಗದ್ದೆಗಳ ಕೆಳಗೆ ಅಗೆದು ತೋರಿಸಿದ್ದರು. ಫುಕುಶಿಮಾ ಅಣುಸ್ಥಾವರ ಮಾತ್ರ 5.7 ಮೀಟರ್ ಅಲೆಯ ಲೆಕ್ಕದಲ್ಲಿತ್ತು. ಬಂದಿದ್ದು 14-15 ಮೀಟರ್.

ಭೂಕಂಪದ ಕೇಂದ್ರಕ್ಕೆ ಇನ್ನೂ ಹತ್ತಿರವಿದ್ದ ಒನಾಗಾವಾ ಸ್ಥಾವರ ಉಳಿಯಿತು. ಯಾನೊಸುಕೆ ಹಿರಾಯ್ ಎಂಬ ಇಂಜಿನಿಯರ್ 869ರ ಸುನಾಮಿಯನ್ನು ನೆನಪಿಸಿ, ಅಷ್ಟು ಎತ್ತರ ಬೇಡ ಅಂದವರ ಜೊತೆ ಜಗಳವಾಡಿ, ಅದನ್ನು 14.8 ಮೀಟರ್ ಎತ್ತರದಲ್ಲಿ ಕಟ್ಟಿಸಿದ್ದರು. ಅಲೆ ಬಂದಿದ್ದು ಸುಮಾರು 13 ಮೀಟರ್! ಹಿರಾಯ್ 1986ರಲ್ಲೇ ತೀರಿಕೊಂಡಿದ್ದರು. ಹಾಗೇ ಅನೆಯೊಶಿ ಎಂಬ ಪುಟ್ಟ ಹಳ್ಳಿಯಲ್ಲಿ, ಇದಕ್ಕಿಂತ ಕೆಳಗೆ ಮನೆ ಕಟ್ಟಬೇಡಿ ಎಂದು ಹಿರಿಯರು ನಿಲ್ಲಿಸಿದ ಕಲ್ಲೊಂದಿದೆ. ಊರವರು ಮಾತು ಕೇಳಿದ್ದರು. ಅಲೆ ಆ ಕಲ್ಲನ್ನು ಮುಟ್ಟಲಿಲ್ಲ.

2024ರ ಹೊಸ ವರ್ಷದ ದಿನ ನೊಟೊದಲ್ಲಿ ಮತ್ತೆ ಹಳೇ ಮನೆಗಳೇ ಬಿದ್ದವು.

ಮುಂದಿನ ಪ್ರಶ್ನೆ ಯಾವುದು ಅಂತ ಜಪಾನಿಗೆ ಗೊತ್ತಿದೆ: ದಕ್ಷಿಣದ ನಾನ್‌ಕೈ ಕಂದಕ. 684ರಿಂದ ಅಲ್ಲಿನ ಲೆಕ್ಕ ಬರೆದಿಟ್ಟಿದ್ದಾರೆ. 1707ರಲ್ಲಿ ಇಡೀ ಕಂದಕ ಒಂದೇ ಸಲ ಜಾರಿತು. 1854ರಲ್ಲಿ ಎರಡು ಭಾಗವಾಗಿ, ಸುಮಾರು 32 ಗಂಟೆಗಳ ಅಂತರದಲ್ಲಿ. ಆಮೇಲಿನ ಜೋಡಿ 1944 ಮತ್ತು 1946ರಲ್ಲಿ. 2024ರ ಆಗಸ್ಟಿನಲ್ಲಿ ಹತ್ತಿರದಲ್ಲೇ 7.1ರ ಭೂಕಂಪವಾದಾಗ, ಹುಷಾರಾಗಿರಿ ಎಂದು ಹವಾಮಾನ ಇಲಾಖೆ ಮೊದಲ ಬಾರಿಗೆ ಒಂದು ವಾರದ ಸೂಚನೆ ಹೊರಡಿಸಿತು. ವಾರ ಕಳೆಯಿತು, ಏನೂ ಆಗಲಿಲ್ಲ. ಓಮೊರಿ ಇದ್ದಿದ್ದರೆ ಸುಮ್ಮನೆ ಜನರನ್ನು ಹೆದರಿಸಿದಿರಿ ಅನ್ನುತ್ತಿದ್ದರೋ ಏನೋ. ಇಮಾಮುರಾ ಮಾತ್ರ ಖಂಡಿತ ಕೇಳುತ್ತಿದ್ದರು.. ಆ ವಾರದಲ್ಲಿ ಎಷ್ಟು ಮನೆಗಳವರು ಬೀರುವನ್ನು ಗೋಡೆಗೆ ಬಿಗಿದರು?