ಕ್ಯಾಸೆಟ್ಟಿನಿಂದ ಸಂಪುಟಕ್ಕೆ: ಹಳೆಯ ವಿಡಿಯೋ ಗೇಮ್‌ಗಳ ಮರುಜನ್ಮ ಮತ್ತು ಪಶ್ಚಿಮ ಬೆಂಗಳೂರು

ಮೂವತ್ತು ನಲವತ್ತು ವರ್ಷ ಹಳೆಯದಾದ ವಿಡಿಯೋ ಗೇಮ್‌ಗಳನ್ನು ಒಟ್ಟುಗೂಡಿಸಿ, ಇಂದಿನ ಯಂತ್ರಗಳಲ್ಲಿ ಆಡಲು ಬರುವಂತೆ ಅಣಿಗೊಳಿಸಿ, ಒಂದೇ ಸಂಪುಟವಾಗಿ ಮತ್ತೆ ಹೊರತರುವ ಪದ್ಧತಿಯನ್ನು ಪುಸ್ತಕಲೋಕದ ಸಮಗ್ರ ಸಂಪುಟಗಳಿಗೆ ಹೋಲಿಸುವುದುಂಟು. ಹಳೆಯ ಪುಸ್ತಕದ ಹೊಸ ಮುದ್ರಣವನ್ನು ಓದಲು ಕಣ್ಣು ಮತ್ತು ಭಾಷೆ ಸಾಕು. ಹಳೆಯ ಆಟಕ್ಕಾದರೋ ಅದು ಹುಟ್ಟಿದ ಯಂತ್ರದ ನಡವಳಿಕೆ, ಅದು ಮೂಡುತ್ತಿದ್ದ ಪರದೆಯ ಗುಣ, ಅದನ್ನು ಹಿಡಿದ ಕೈಯ ಅಭ್ಯಾಸ ಇವೆಲ್ಲವೂ ಬೇಕಾಗುವುದರಿಂದ ಆ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ. ವಿಜಯನಗರ, ಆರ್‌ಪಿಸಿ ಲೇಔಟ್, ಅತ್ತಿಗುಪ್ಪೆ, ರಾಜಾಜಿನಗರಗಳಂಥ ಬಡಾವಣೆಗಳಲ್ಲಿ 1990ರ ದಶಕದಲ್ಲಿ ಬೆಳೆದ ಮಕ್ಕಳ ಪೈಕಿ ಹಲವರಿಗೆ ಈ ಆಟಗಳು ಮೊದಲು ಕೈಗೆ ಬಂದದ್ದೇ ಸಂಕಲನದ ರೂಪದಲ್ಲಿ. ಆ ಸಂಕಲನ ಅಧಿಕೃತವಾಗಿರಲಿಲ್ಲ ಎಂಬ ಕಾರಣಕ್ಕೆ ಅದನ್ನು ಬದಿಗಿಟ್ಟರೆ ಈ ಇತಿಹಾಸದ ಇಲ್ಲಿನ ಮೊದಲ ಅಧ್ಯಾಯವೇ ಬಿಟ್ಟುಹೋಗುತ್ತದೆ.

ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಫ್ಯಾಮಿಲಿ ಕಂಪ್ಯೂಟರ್ ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಎರಡು ವರ್ಷಗಳ ಬಳಿಕ ಅದು ರೂಪ ಬದಲಿಸಿಕೊಂಡು ಎನ್‌ಇಎಸ್ ಎಂಬ ಹೆಸರಿನಲ್ಲಿ ಅಮೆರಿಕ ತಲುಪಿತು. ತೈವಾನಿನ ಯುಎಂಸಿಯಂಥ ತಯಾರಕರು ಅದೇ ಬಗೆಯಲ್ಲಿ ಕೆಲಸ ಮಾಡುವ ಚಿಪ್‌ಗಳನ್ನು ಅಗ್ಗವಾಗಿ ತಯಾರಿಸತೊಡಗಿದ ಮೇಲೆ, ಮೂಲ ಯಂತ್ರವನ್ನು ಕಾಣದ ದೇಶಗಳಿಗೂ ಅದರ ನಕಲುಗಳು ಹರಿದುಬಂದವು. ರಷ್ಯಾದಲ್ಲಿ ಅದು ಡೆಂಡಿಯಾಯಿತು, ಭಾರತದಲ್ಲಿ ಹತ್ತು ಹೆಸರಿನ ಟಿ.ವಿ. ಗೇಮ್ ಆಯಿತು. ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳೂ ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್ಟೂ ಇಂಥ ಸರಕಿಗೆ ಹೆಸರಾಗಿದ್ದವು. ಆಟವನ್ನು ಹೊತ್ತ ಪ್ಲಾಸ್ಟಿಕ್ ಪೆಟ್ಟಿಗೆಗೆ ತಯಾರಕರು ಕಾರ್ಟ್ರಿಜ್ ಎಂದರೂ, ಅದರೊಳಗೆ ಸುತ್ತುವ ಟೇಪು ಯಾವುದೂ ಇಲ್ಲದಿದ್ದರೂ, ಮನೆಗಳಲ್ಲಿ ನಿಂತ ಹೆಸರು ಕ್ಯಾಸೆಟ್ ಎಂಬುದೇ. ಚಿತ್ರ ಬರದಿದ್ದಾಗ ಅದನ್ನು ಹೊರತೆಗೆದು, ಬಾಯಿಂದ ಊದಿ, ಮತ್ತೆ ಒತ್ತಿ ಹಾಕುವುದು ಒಂದು ಸಾರ್ವತ್ರಿಕ ಆಚರಣೆಯೇ ಆಗಿತ್ತು. ಫಲ ಕೊಡುತ್ತಿದ್ದದ್ದು ಊದುವಿಕೆಗಿಂತ ಹೆಚ್ಚಾಗಿ ಮತ್ತೆ ಹಾಕಿದಾಗ ಲೋಹದ ಹಲ್ಲುಗಳು ಸರಿಯಾಗಿ ಕೂಡಿಕೊಳ್ಳುತ್ತಿದ್ದದ್ದು.

ಈ ಕ್ಯಾಸೆಟ್‌ಗಳ ಮೇಲೆ ಸಾಮಾನ್ಯವಾಗಿ ಕಾಣುತ್ತಿದ್ದದ್ದು 9999 ಇನ್ 1 ಎಂಬ ಬಗೆಯ ಅಂಕಿ. ಅದು ಹೇಗೆ ಸಾಧ್ಯವಾಗುತ್ತಿತ್ತು ಎಂಬುದನ್ನು ತಿಳಿಯಲು ಯಂತ್ರದ ಒಂದು ಮಿತಿಯನ್ನು ಅರಿಯಬೇಕು. ಆ ಯಂತ್ರದ ಪ್ರೊಸೆಸರ್ ಕ್ಯಾಸೆಟ್ಟಿನಲ್ಲಿರುವ ಸೂಚನೆಗಳ ಪೈಕಿ ಒಂದು ಬಾರಿಗೆ ಸುಮಾರು 32 ಕಿಲೋಬೈಟ್‌ನಷ್ಟನ್ನು ಮಾತ್ರ ನೋಡಬಲ್ಲದು. ಒಂದು ದೊಡ್ಡ ಗೋಡೆಯಲ್ಲಿ ಒಂದೇ ಕಿಟಕಿ ಇದ್ದಂತೆ ಎಂದು ಭಾವಿಸಿದರೆ, ಕಿಟಕಿಯ ಹಿಂದೆ ಬೇರೆ ಬೇರೆ ಕೋಣೆಗಳನ್ನು ಸರಿಸಿ ನಿಲ್ಲಿಸುವ ಸಣ್ಣ ವಿದ್ಯುತ್ ಮಂಡಲವನ್ನು ಕ್ಯಾಸೆಟ್ಟಿನೊಳಗೇ ಅಳವಡಿಸಲಾಗುತ್ತಿತ್ತು. ಅದಕ್ಕೆ ಮ್ಯಾಪರ್ ಎಂದು ಹೆಸರು. 1985ರ ಸೂಪರ್ ಮಾರಿಯೋ ಬ್ರದರ್ಸ್ ಚಿತ್ರಭಾಗವೂ ಸೇರಿ ಒಟ್ಟು 40 ಕಿಲೋಬೈಟ್ ಮಾತ್ರ ಇದ್ದುದರಿಂದ, ಅಂಥ ಹಲವು ಆಟಗಳನ್ನು ಒಂದು ದೊಡ್ಡ ಚಿಪ್‌ನಲ್ಲಿ ಸಾಲಾಗಿ ತುಂಬಿ, ಪಟ್ಟಿಯೊಂದನ್ನು ಮುಂದಿಟ್ಟು, ಆಡುವವರು ಆರಿಸಿದ ಆಟದತ್ತ ಕಿಟಕಿಯನ್ನು ತಿರುಗಿಸುವುದು ಕಷ್ಟದ ಕೆಲಸವಾಗಿರಲಿಲ್ಲ. ಸಾವಿರಗಟ್ಟಲೆ ಎಂದು ಹೇಳಿಕೊಂಡ ಪಟ್ಟಿಯಲ್ಲಿ ನಿಜವಾಗಿ ಇರುತ್ತಿದ್ದ ಆಟಗಳು ಬೆರಳೆಣಿಕೆಯಷ್ಟು. ಉಳಿದವು ಅದೇ ಆಟವನ್ನು ಬೇರೊಂದು ಹಂತದಿಂದ ಆರಂಭಿಸಿಯೋ, ಲೈಫ್‌ಗಳ ಎಣಿಕೆಯನ್ನು ಹೆಚ್ಚಿಸಿಯೋ ಹೊಸ ಹೆಸರು ಹೊತ್ತು ಬಂದವು. ಅಂಕಿಯಲ್ಲಿ ಮೋಸವಿದ್ದದ್ದು ನಿಜ. ಆದರೂ ಸುಲಭವಾಗಿ ಕೊನೆಮುಟ್ಟಲಾಗದ ಆಟದ ನಡುಭಾಗವನ್ನು ಮಕ್ಕಳು ಕಂಡದ್ದು ಈ ಮೋಸದ ಸಾಲುಗಳಿಂದಲೇ ಎಂಬುದನ್ನೂ ಸೇರಿಸಿ ಹೇಳಬೇಕು.

ಈ ಕ್ಯಾಸೆಟ್‌ಗಳು ಮಾಡಿದ ದೊಡ್ಡ ಹಾನಿ ಇನ್ನೊಂದೆಡೆ ಇದೆ: ಅವುಗಳಲ್ಲಿ ಬಹಳಷ್ಟು ಕಡೆ ಆಟದ ಮೊದಲ ಪರದೆಯ ಮೇಲಿನ ಕಂಪನಿಯ ಹೆಸರು, ವರ್ಷ, ಹಕ್ಕಿನ ಸಾಲು ಎಲ್ಲವನ್ನೂ ಅಳಿಸಲಾಗಿತ್ತು. ಮೊದಲೇ ಆ ಕಾಲದ ಕಂಪನಿಗಳು ತಮ್ಮ ಆಟಗಳ ರಚನಕಾರರ ಹೆಸರನ್ನು ಬಹಿರಂಗಪಡಿಸಲು ಹಿಂಜರಿಯುತ್ತಿದ್ದವು. ಅಟಾರಿಯಲ್ಲಿ ಅಡ್ವೆಂಚರ್ ಎಂಬ ಆಟವನ್ನು ರಚಿಸಿದ ವಾರೆನ್ ರಾಬಿನೆಟ್ ತನ್ನ ಹೆಸರನ್ನು ಆಟದೊಳಗಿನ ಗುಪ್ತ ಕೋಣೆಯೊಂದರಲ್ಲಿ ಅಡಗಿಸಿಡಬೇಕಾಯಿತು. ಅಂಥದರಲ್ಲಿ ಉಳಿದಿದ್ದ ಕಂಪನಿಯ ಹೆಸರೂ ಅಳಿದ ಮೇಲೆ, ಇಲ್ಲಿನ ಮಕ್ಕಳ ಮಟ್ಟಿಗೆ ಮಾರಿಯೋ ಮತ್ತು ಕಾಂಟ್ರಾ ಕರ್ತೃವಿಲ್ಲದ, ಕಾಲವಿಲ್ಲದ, ಜನಪದ ಕಥೆಗಳಂಥ ವಸ್ತುಗಳಾದವು.

ಇನ್ನೊಂದು ವ್ಯತ್ಯಾಸ ಹೆಚ್ಚು ಸೂಕ್ಷ್ಮವಾದದ್ದು, ಅದಕ್ಕೆ ಸಿಕ್ಕಿರುವ ಗಮನವೂ ಕಡಿಮೆ. ಜಪಾನ್ ಮತ್ತು ಅಮೆರಿಕದ ಟಿ.ವಿ.ಗಳು ಸೆಕೆಂಡಿಗೆ 60 ಬಾರಿ ಪರದೆಯನ್ನು ಬರೆಯುತ್ತಿದ್ದರೆ, ಭಾರತ ಅನುಸರಿಸಿದ ಪಾಲ್ ಪದ್ಧತಿಯಲ್ಲಿ ಅದು 50 ಬಾರಿ. ಆ ಕಾಲದ ಆಟಗಳು ಕಾಲವನ್ನು ಅಳೆಯುತ್ತಿದ್ದದ್ದು ಗಡಿಯಾರದಿಂದಲ್ಲ, ಪರದೆ ಬರೆದ ಎಣಿಕೆಯಿಂದ. ಆದ್ದರಿಂದ ಪಾಲ್ ಪದ್ಧತಿಗೆ ಹೊಂದಿಸಿದ ನಕಲು ಯಂತ್ರಗಳಲ್ಲಿ ಆಟ ಮೂಲದ ಆರರಲ್ಲಿ ಐದು ಪಾಲು ವೇಗದಲ್ಲಿ ಓಡುತ್ತಿತ್ತು. ಡೆಂಡಿಯ ಬಗೆಯ ಯಂತ್ರಗಳಲ್ಲಿ ಪ್ರೊಸೆಸರ್‌ನ ಬಡಿತ ಮೂಲದ್ದಕ್ಕೆ ಬಹಳ ಹತ್ತಿರವಿದ್ದ ಕಾರಣ ಸಂಗೀತದ ಶ್ರುತಿ ಹೆಚ್ಚುಕಡಿಮೆ ಹಾಗೆಯೇ ಉಳಿದು ಲಯ ಮಾತ್ರ ವಿಳಂಬವಾಗುತ್ತಿತ್ತು. ಹಾಗೆ ಆಡಿ ಬೆಳೆದವರು ಇಂದು ಅಧಿಕೃತ ಸಂಪುಟವನ್ನು ಕೊಂಡು ಆಡಿದಾಗ ಮಾರಿಯೋ ಅವಸರದಲ್ಲಿರುವಂತೆ ತೋರಿದರೆ, ಅದು ವಯಸ್ಸಿನಿಂದ ಕೈ ನಿಧಾನವಾದುದರ ಫಲವಷ್ಟೇ ಅಲ್ಲ. ಅವರ ನೆನಪಿನ ಆಟವೇ ಬೇರೊಂದು ಪಾಠಾಂತರ.

ಅಧಿಕೃತ ಸಂಪುಟಗಳ ಪರಂಪರೆಯೂ 1990ರ ದಶಕದಲ್ಲೇ ರೂಪುಗೊಳ್ಳುತ್ತದೆ. ನಿಂಟೆಂಡೊ 1993ರಲ್ಲಿ ಮಾರಿಯೋ ಸರಣಿಯ ನಾಲ್ಕು ಆಟಗಳನ್ನು ಹೊಸ ಚಿತ್ರಗಳೊಡನೆ ಸೂಪರ್ ಮಾರಿಯೋ ಆಲ್-ಸ್ಟಾರ್ಸ್ ಎಂದು ಹೊರತಂದಿತು. 1995ರಿಂದ ನಾಮ್ಕೊ ಕಂಪನಿ ತನ್ನ ಹಳೆಯ ಆಟಗಳನ್ನು ನಾಮ್ಕೊ ಮ್ಯೂಸಿಯಂ ಎಂಬ ಸಂಪುಟಗಳಲ್ಲಿ ಪ್ರಕಟಿಸತೊಡಗಿತು. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಬಿಡುಗಡೆ ಮಾಡಿದ ಮೇಮ್ ಎಂಬ ತಂತ್ರಾಂಶ, ನಾಣ್ಯ ಹಾಕಿ ಆಡುವ ಯಂತ್ರಗಳ ಎಮ್ಯುಲೇಟರ್ ಆಗಿತ್ತು. ಎಮ್ಯುಲೇಟರ್ ಎಂದರೆ ಹಳೆಯ ಯಂತ್ರದ ಪ್ರೊಸೆಸರ್, ಚಿತ್ರ ಮತ್ತು ಧ್ವನಿಯ ಚಿಪ್‌ಗಳೆಲ್ಲದರ ವರ್ತನೆಯನ್ನು ಹೊಸ ಕಂಪ್ಯೂಟರಿನಲ್ಲಿ ಅನುಕರಿಸಿ, ಹಳೆಯ ಆಟಕ್ಕೆ ತಾನು ತನ್ನ ಮನೆಯಲ್ಲೇ ಇದ್ದೇನೆ ಎನ್ನಿಸುವ ತಂತ್ರಾಂಶ. ಆಸಕ್ತರು ಹಣದ ಆಸೆಯಿಲ್ಲದೆ ಬೆಳೆಸಿದ ಈ ವಿದ್ಯೆಯನ್ನು ಕಂಪನಿಗಳೂ ನೆಚ್ಚಿಕೊಂಡವು. 2016ರಲ್ಲಿ ನಿಂಟೆಂಡೊ 30 ಆಟಗಳನ್ನು ಅಡಕಗೊಳಿಸಿದ ಅಂಗೈಯಗಲದ ಎನ್‌ಇಎಸ್ ಯಂತ್ರವನ್ನು ಮಾರಿದಾಗ, ಹೊರನೋಟಕ್ಕಾದರೂ ಅದು ನ್ಯಾಷನಲ್ ಮಾರ್ಕೆಟ್ಟಿನ ಕ್ಯಾಸೆಟ್ಟಿನ ತತ್ತ್ವವೇ ಆಗಿತ್ತು.

ಒಳ್ಳೆಯ ಸಂಪುಟಕ್ಕೂ ಬರಿಯ ಗಂಟಿಗೂ ಇರುವ ಅಂತರವನ್ನು ಕೊನಾಮಿ ಕಂಪನಿಯ ಕಾಂಟ್ರಾ ಚೆನ್ನಾಗಿ ತೋರಿಸುತ್ತದೆ. 1987ರಲ್ಲಿ ನಾಣ್ಯದ ಯಂತ್ರವಾಗಿ ಬಂದ ಈ ಆಟ ಮರುವರ್ಷ ಮನೆಯ ಯಂತ್ರಕ್ಕೆ ರೂಪಾಂತರಗೊಂಡಿತು. ಜಪಾನಿನ ರೂಪದಲ್ಲಿ ಅಮೆರಿಕದ್ದರಲ್ಲಿಲ್ಲದ ಕಥಾದೃಶ್ಯಗಳಿದ್ದವು. ಯುರೋಪಿನಲ್ಲಿ ಸೈನಿಕರ ಬದಲು ರೋಬೋಗಳನ್ನಿಟ್ಟು ಪ್ರೊಬೊಟೆಕ್ಟರ್ ಎಂದು ಹೆಸರಿಸಲಾಯಿತು. 2019ರ ಕಾಂಟ್ರಾ ಆನಿವರ್ಸರಿ ಕಲೆಕ್ಷನ್ ಇಂಥ ಭಿನ್ನ ರೂಪಗಳನ್ನು ಒಟ್ಟಿಗೆ ಇಟ್ಟು, ಆಟ ರೂಪುಗೊಂಡ ಬಗೆಯನ್ನು ತಿಳಿಸುವ ಪುಸ್ತಕವನ್ನೂ ಜೊತೆಗಿರಿಸಿತು. ಹಸ್ತಪ್ರತಿಗಳನ್ನು ಹೋಲಿಸಿ ಪಾಠಭೇದಗಳನ್ನು ಅಡಿಯಲ್ಲಿ ಕೊಡುವ ಕನ್ನಡದ ಗ್ರಂಥಸಂಪಾದಕರ ಶಿಸ್ತು ಇದಕ್ಕಿಂತ ಬೇರೆಯಲ್ಲ. 2022ರ ಅಟಾರಿ 50 ಇನ್ನೂ ಮುಂದೆ ಹೋಗಿ ತೊಂಬತ್ತಕ್ಕೂ ಹೆಚ್ಚು ಆಟಗಳನ್ನು ರಚನಕಾರರ ಸಂದರ್ಶನ, ಕರಡು ಚಿತ್ರ, ಜಾಹೀರಾತುಗಳೊಡನೆ ಕಾಲಾನುಕ್ರಮದಲ್ಲಿ ಹೆಣೆಯಿತು. ರಾಬಿನೆಟ್‌ನ ಅಡ್ವೆಂಚರ್ ಕೂಡ ಅದರಲ್ಲಿದೆ.

ಸಂಪುಟಕ್ಕೆ ಸುಲಭವಾಗಿ ಒಗ್ಗದ ಆಟಗಳೂ ಇವೆ. ಇಲ್ಲಿನ ಮನೆಗಳಲ್ಲಿ ಪ್ಲಾಸ್ಟಿಕ್ ಬಂದೂಕಿನೊಡನೆ ಪರಿಚಿತವಾಗಿದ್ದ ಡಕ್ ಹಂಟ್‌ನಲ್ಲಿ, ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ ಬಾತುಕೋಳಿಯ ಜಾಗದಲ್ಲಿ ಬಿಳಿಯ ಚೌಕ ಮೂಡುತ್ತಿತ್ತು. ಬಂದೂಕಿನ ತುದಿಯಲ್ಲಿದ್ದ ಬೆಳಕಿನ ಸಂವೇದಕ ಆ ಬಿಳುಪನ್ನು ಕಂಡರೆ ಗುರಿ ತಾಗಿದಂತೆ. ಇದು ಹಳೆಯ ಪಿಕ್ಚರ್ ಟ್ಯೂಬಿನ ತತ್‌ಕ್ಷಣದ ಬೆಳಕನ್ನು ನಂಬಿದ ಉಪಾಯವಾದ್ದರಿಂದ, ಚಿತ್ರ ಮೂಡಿಸಲು ತುಸು ತಡಮಾಡುವ ಇಂದಿನ ಚಪ್ಪಟೆ ಪರದೆಯ ಎದುರು ಆ ಬಂದೂಕು ಕುರುಡು. 2014ರಲ್ಲಿ ಇದನ್ನು ವೀ ಯು ಯಂತ್ರಕ್ಕೆ ತಂದಾಗ ಬಂದೂಕಿನ ಬದಲು ವೀ ರಿಮೋಟನ್ನು ಬಳಸಬೇಕಾಯಿತು.

ಆಟಗಳನ್ನು ಸಂಕಲಿಸಿ ಮುಂದಿನವರಿಗೆ ಕೊಡುವ ಕೆಲಸ ಕನ್ನಡ ನಾಡಿಗೆ ಹೊಸದಲ್ಲ. ಆರ್‌ಪಿಸಿ ಲೇಔಟ್‌ ಸೇರಿದ ಹಂಪಿನಗರವೂ ಪಕ್ಕದ ವಿಜಯನಗರವೂ ಹೊತ್ತಿರುವುದು ಯಾವ ರಾಜಧಾನಿಯ ಹೆಸರನ್ನೋ, ಆ ಹಂಪಿಯ ಕಲ್ಲುಹಾಸುಗಳ ಮೇಲೆ ಆಟದ ಮನೆಗಳನ್ನು ಕೊರೆದಿರುವುದನ್ನು ಇಂದಿಗೂ ಕಾಣಬಹುದು. ಕಲ್ಲು ಉಳಿದರೂ ಆಡುವ ಕ್ರಮ ಕಲ್ಲಿನಲ್ಲಿ ಬರೆದಿಲ್ಲ. ಆ ಕೊರತೆಯನ್ನು ತಮ್ಮ ಕಾಲದ ಮಟ್ಟಿಗೆ ತುಂಬಿದವರು ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). 1831ರಲ್ಲಿ ಆಡಳಿತ ಬ್ರಿಟಿಷರ ವಶವಾದ ಮೇಲೆ ಸಾಹಿತ್ಯ, ಚಿತ್ರ, ಆಟಗಳಿಗೆ ಮನಸ್ಸು ಕೊಟ್ಟ ಅವರು ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಾನ ಕೊಟ್ಟರು. ಗಂಜೀಫಾ ಎಲೆಗಳ ಚದ ಎಂಬ ಆಟವನ್ನು 18 ಪಂಗಡಗಳವರೆಗೂ ಹಿಗ್ಗಿಸಿದರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಕ್ರೀಡಾಕೌಶಲ್ಯ ಎಂಬ ಪ್ರದರ್ಶನಗಳ ಮೂಲಕ ಚೌಕಾಬಾರ, ಪಗಡೆ, ಅಳಗುಳಿಮಣೆ, ಆಡುಹುಲಿ ಆಟಗಳ ಹಾಸುಗಳನ್ನು ಕುಶಲಕರ್ಮಿಗಳಿಂದ ಮಾಡಿಸಿ ಮನೆಗಳಿಗೆ ಮರಳಿಸುತ್ತಿರುವುದು ಮರುಪ್ರಕಟಣೆಯ ನಿಜವಾದ ಮಾದರಿ. ಯಾರ ಹಕ್ಕಿಗೂ ಒಳಪಡದ ಆಟಗಳಾದ್ದರಿಂದ ಅವರಿಗೆ ಅದು ಸಾಧ್ಯವಾಯಿತು.

ವಿಡಿಯೋ ಗೇಮ್‌ಗೆ ಆ ಸ್ವಾತಂತ್ರ್ಯವಿಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2010ಕ್ಕೆ ಮುಂಚೆ ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಇಂದು ಮಾರಾಟದಲ್ಲಿಲ್ಲ; ಸಂಪುಟಗಳು ಎಷ್ಟೇ ಬಂದರೂ ಲಾಭ ತರಬಲ್ಲ ಕೆಲವು ಹೆಸರುಗಳಷ್ಟೇ ಅವುಗಳೊಳಗೆ ಸೇರುತ್ತವೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯೆಂದೇ ಎಣಿಸುತ್ತದೆ. ಸಾಹಿತ್ಯ ಕೃತಿಯಾದ ಮೇಲೆ ಅದಕ್ಕೆ ಗ್ರಂಥಾಲಯದಲ್ಲಿ ಜಾಗವಿರಬೇಕೆಂದು ಬಯಸುವುದು ಸಹಜ. ಹಂಪಿನಗರದಲ್ಲೇ ನಗರ ಕೇಂದ್ರ ಗ್ರಂಥಾಲಯದ ಪಶ್ಚಿಮ ವಲಯದ ಕಟ್ಟಡವಿದ್ದು, ಸುತ್ತಲ ಬಡಾವಣೆಗಳ ಓದುಗರು ಮಾರುಕಟ್ಟೆಯಲ್ಲಿ ಸಿಗದ ಪುಸ್ತಕಗಳಿಗಾಗಿ ಅಂಥ ಸಂಸ್ಥೆಗಳನ್ನೇ ಆಶ್ರಯಿಸುತ್ತಾರೆ. ಆದರೆ 2012ರ ತಿದ್ದುಪಡಿ ಸಾರ್ವಜನಿಕ ಗ್ರಂಥಾಲಯಕ್ಕೆ ಸಂರಕ್ಷಣೆಗಾಗಿ ವಿದ್ಯುನ್ಮಾನ ಪ್ರತಿ ಮಾಡಿಕೊಳ್ಳಲು ಕೊಟ್ಟ ಅನುಮತಿಗೆ ಒಂದು ಷರತ್ತಿದೆ: ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಗ್ರಂಥಾಲಯದ ಬಳಿ ಮೊದಲೇ ಇರಬೇಕು. ಕಾಗದವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಈ ಮಾತು, ಹುಟ್ಟಿನಿಂದಲೇ ಡಿಜಿಟಲ್ ಆದ ಆಟವನ್ನು ಬಾಗಿಲ ಹೊರಗೇ ನಿಲ್ಲಿಸುತ್ತದೆ.

ಹೀಗಾಗಿ 50 ಆವರ್ತನದ ವಿಳಂಬ ಲಯದಲ್ಲಿ ಆಡುವ, ಹೆಸರು ಅಳಿಸಿದ, ಸುಳ್ಳು ಅಂಕಿಯ ಆ ಪಾಠಾಂತರಕ್ಕೆ ಕಂಪನಿಗಳ ಸಂಪುಟಗಳಲ್ಲೂ ಎಡೆಯಿಲ್ಲ, ಗ್ರಂಥಾಲಯದ ಕಪಾಟಿನಲ್ಲೂ ಇಲ್ಲ. ಅದು ಉಳಿದಿರುವುದಾದರೆ ಹಳೆಯ ಕ್ಯಾಸೆಟ್‌ಗಳಲ್ಲಿ ಮಾತ್ರ. ಅವುಗಳನ್ನು ಬಿಚ್ಚಿದರೆ ಹಸಿರು ಹಲಗೆಯ ನಡುವೆ ಕಪ್ಪು ಅಂಟಿನ ಒಂದು ಬೊಟ್ಟು ಕಾಣುತ್ತದೆ, ಆಟಗಳೆಲ್ಲವೂ ಆ ಬೊಟ್ಟಿನ ಅಡಿಯ ಚಿಪ್‌ನಲ್ಲಿವೆ, ಮತ್ತು ಅದರ ಮೇಲೆ ತಯಾರಕನ ಹೆಸರಾಗಲಿ ವರ್ಷವಾಗಲಿ ಬರೆದಿರುವುದಿಲ್ಲ.